ಕೋಪಾ ಓದಿ ರೊಟ್ಟಿ ವ್ಯಾಪಾರಕ್ಕೆ ಕೂತೆ: ನನ್ನ ಅನುಭವ

“ಕೋಪಾ ಮುಗಿಸೀಯಲ್ಲ, ಎಲ್ಲೆರ ನೌಕರಿ ಹತ್ತಿತೇನವಾ?” ಐಟಿಐ ಮುಗಿಸಿದ ಹುಡುಗಿಯರಿಗೆ ನಮ್ಮ ಹುಬ್ಬಳ್ಳಿ ಕಡೆ ಎದುರಾಗುವ ಮೊದಲ ಪ್ರಶ್ನೆ ಇದು. ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಎಂಬ ಉದ್ದ ಹೆಸರಿನ ಈ ಟ್ರೇಡು ಡಾಟಾ ಎಂಟ್ರಿ ನೌಕರಿಗೆ ಮಾತ್ರ ಎಂದು ಓದುವವರೂ ತಿಳಿದಿರುತ್ತಾರೆ, ಓದಿಸುವವರೂ ತಿಳಿದಿರುತ್ತಾರೆ. ನಾನು ಯಾವ ನೌಕರಿಗೂ ಅರ್ಜಿ ಹಾಕಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಅವ್ವ ನಡೆಸುತ್ತಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ವ್ಯಾಪಾರದ ಲೆಕ್ಕಕ್ಕೆ ಕೂತೆ. ಆ ಒಂದು ವರ್ಷದ ಓದಿನಲ್ಲಿ ವ್ಯಾಪಾರಕ್ಕೆ ಏನು ಉಪಯೋಗಕ್ಕೆ ಬಂತು, ಏನು ಬರಲಿಲ್ಲ ಎಂಬುದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಸಣ್ಣದೊಂದು ಅಂಗಡಿಯೋ, ಗಿರಣಿಯೋ, ಹೊಲಿಗೆ ಕೆಲಸವೋ ಇದ್ದು, ಮಗಳಿಗೆ ಯಾವ ಕೋರ್ಸು ಹಚ್ಚಬೇಕು ಎಂದು ಯೋಚಿಸುತ್ತಿರುವವರಿಗಾಗಿ ಇದು.

ಹತ್ತನೇ ತರಗತಿ ಪಾಸಾದವರು ಕೋಪಾಕ್ಕೆ ಸೇರಬಹುದು. ಕೊನೆಗೆ ಅಖಿಲ ಭಾರತ ವೃತ್ತಿ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ನಮಗೆ ವಿಂಡೋಸ್, ಲಿನಕ್ಸ್, ವರ್ಡ್, ಎಕ್ಸೆಲ್, ಆಕ್ಸೆಸ್, ನೆಟ್‌ವರ್ಕಿಂಗ್, ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಇ-ಕಾಮರ್ಸ್, ಸೈಬರ್ ಸುರಕ್ಷತೆ, ಒಂದಿಷ್ಟು ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಇತ್ತು. ಇದರ ಜೊತೆಗೆ ಎಲ್ಲ ಟ್ರೇಡಿನವರಿಗೂ ಎಂಪ್ಲಾಯಬಿಲಿಟಿ ಸ್ಕಿಲ್ಸ್ ಎಂಬ ವಿಷಯ. ಅದರೊಳಗೆ ಉದ್ಯಮಶೀಲತೆಯ ಒಂದು ಭಾಗವಿದೆ: ಮಾರುಕಟ್ಟೆ ಸಮೀಕ್ಷೆ ಹೇಗೆ ಮಾಡಬೇಕು, ಯೋಜನಾ ವರದಿಯಲ್ಲಿ ಏನಿರಬೇಕು, ಬ್ಯಾಂಕು ಏನು ಕೇಳುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಬಿಡುವ ಪಾಠ ಅದು. ನನ್ನ ಪ್ರಕಾರ ಇಡೀ ಕೋರ್ಸಿನಲ್ಲಿ ಎಕ್ಸೆಲ್ ಬಿಟ್ಟರೆ ಅತಿ ಬೆಲೆಬಾಳುವ ಪಾಠ ಅದೇ. ಎರಡನ್ನೂ ಯಾರೂ ಒಂದಕ್ಕೊಂದು ಕೂಡಿಸಿ ಕಲಿಸುವುದಿಲ್ಲ, ನಾವೇ ಕೂಡಿಸಿಕೊಳ್ಳಬೇಕು.

ಲ್ಯಾಬಿನಲ್ಲಿ ಎಕ್ಸೆಲ್ ಅಭ್ಯಾಸಕ್ಕೆ ಕೊಡುತ್ತಿದ್ದುದು ವಿದ್ಯಾರ್ಥಿಗಳ ಅಂಕಪಟ್ಟಿ: ಐದು ವಿಷಯ, ಒಟ್ಟು, ಸರಾಸರಿ, ಪಾಸು ಫೇಲು. ಅದರ ಬದಲು ನಮ್ಮ ಮನೆ ರೊಟ್ಟಿ ಲೆಕ್ಕ ಹಾಕಲೇ ಎಂದು ಮೇಡಂ ಅವರನ್ನು ಕೇಳಿದೆ. “ಯಾವ್ದರ ಹಾಕವಾ, ಫಾರ್ಮುಲಾ ಬಂದ್ರ ಸಾಕು” ಎಂದರು. ಅಷ್ಟೇ ಬೇಕಿತ್ತು.

ಲೆಕ್ಕ ಹಾಕಲು ಕೂತರೆ ಮೊದಲ ಅಂಕಿಯೇ ಇರಲಿಲ್ಲ. ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಬರುತ್ತವೆ ಎಂದು ಅವ್ವನನ್ನು ಕೇಳಿದರೆ, “ಅದು ಜ್ವಾಳದ ಮ್ಯಾಲ ಹೋಗ್ತೈತಿ. ಹಿಟ್ಟು ಹಳೇದಾದ್ರ ಜಿಗಿ ಇರೂದಿಲ್ಲ, ಅಂಚು ಸೀಳ್ತಾವು” ಎಂದಳು. ಅದು ಖರೆ. ಆದರೆ ಎಕ್ಸೆಲ್ಲಿಗೆ ಸಂಖ್ಯೆ ಬೇಕು. ಹಾಗಾಗಿ ಮಾಲದಂಡಿ ಜೋಳ ತೂಗಿ ಗಿರಣಿಗೆ ಹಾಕಿ, ಹಸನು ಮಾಡಿದ್ದರಲ್ಲಿ ಹೋದದ್ದೆಷ್ಟು, ಹಿಟ್ಟಾಗಿ ಬಂದದ್ದೆಷ್ಟು, ಬಡಿದ ರೊಟ್ಟಿ ಎಷ್ಟು, ಒಣಗಿಸಿ ಬುಟ್ಟಿಗೆ ತುಂಬುವಾಗ ಮುರಿದದ್ದೆಷ್ಟು ಎಂದು ಬರೆದಿಡತೊಡಗಿದೆ. ರೊಟ್ಟಿ ಬಡಿಯಲು ಬರುವ ಅಕ್ಕಗಳಿಗೆ ಮೊದಮೊದಲು ಇದು ತಮ್ಮ ಮೇಲಿನ ಕಾವಲು ಎನಿಸಿತು. ಕೂಲಿ ಕಡಿಯಲು ಅಲ್ಲ, ದರ ಹೆಚ್ಚಿಗೆ ಕೇಳಲು ಎಂದು ಅವ್ವ ಅವರಿಗೆ ತಿಳಿಸಿ ಹೇಳಿದಳು. ಆಮೇಲೆ ಅವರೇ ಮುರುಕು ಎಣಿಸಿ ಹೇಳುತ್ತಿದ್ದರು.

ಆ ಅಂಕಿಗಳಿಂದ ಮಾಡಿದ ಎಕ್ಸೆಲ್ ಹಾಳೆ ಈಗಲೂ ನಮ್ಮಲ್ಲಿ ನಡೆಯುತ್ತಿದೆ. ಜೋಳ ತುಟ್ಟಿಯಾದ ವರ್ಷದ ಲೆಕ್ಕವನ್ನೇ ತೋರಿಸುತ್ತೇನೆ. ಜೋಳ ಕಿಲೋಗೆ 48 ರೂಪಾಯಿ, ಗಿರಣಿ ಮತ್ತು ಸಾಗಣೆ 5 ರೂಪಾಯಿ, ಒಟ್ಟು 53. ನೂರು ಕಿಲೋ ಜೋಳಕ್ಕೆ 96 ಕಿಲೋ ಹಿಟ್ಟು ಬರುತ್ತದೆ, ಅಂದರೆ ಹಿಟ್ಟು ಕಿಲೋಗೆ 55 ರೂಪಾಯಿ 20 ಪೈಸೆ ಬೀಳುತ್ತದೆ. ಕಿಲೋಗೆ 24 ರೊಟ್ಟಿ ಹಿಡಿದರೆ ರೊಟ್ಟಿಗೆ ಹಿಟ್ಟಿನ ಖರ್ಚು 2 ರೂಪಾಯಿ 30 ಪೈಸೆ. ಬಡಿಯುವ ಕೂಲಿ ಒಂದೂವರೆ ರೂಪಾಯಿ, ಗ್ಯಾಸು 50 ಪೈಸೆ, ಖಾನಾವಳಿಗೆ ಮುಟ್ಟಿಸುವ ಆಟೋ ಖರ್ಚು 20 ಪೈಸೆ. ಕೂಡಿಸಿದರೆ ನಾಲ್ಕೂವರೆ ರೂಪಾಯಿ. ಖಾನಾವಳಿಗೆ ಐದು ರೂಪಾಯಿಗೆ ಕೊಡುತ್ತಿದ್ದೆವು, ಹಾಗಾದರೆ ರೊಟ್ಟಿಗೆ ಎಂಟಾಣೆ ಲಾಭ ಎಂದು ಎಲ್ಲರ ನಂಬಿಕೆ. ನೂರಕ್ಕೆ ಆರು ಮುರಿಯುತ್ತಿದ್ದವು. ಆ ಆರರ ಖರ್ಚನ್ನೂ ಉಳಿದ 94 ರೊಟ್ಟಿಯೇ ಹೊರಬೇಕು. ನಾಲ್ಕೂವರೆಯನ್ನು 0.94ರಿಂದ ಭಾಗಿಸಿದರೆ 4 ರೂಪಾಯಿ 79 ಪೈಸೆ. ಉಳಿಯುವುದು 21 ಪೈಸೆ. ಇದರಲ್ಲಿ ಅವ್ವನ ದುಡಿಮೆಗೆ ಒಂದು ಪೈಸೆಯೂ ಹಿಡಿದಿಲ್ಲ.

ಇಲ್ಲಿ ಗೋಲ್ ಸೀಕ್ ಎಂಬ ಸಾಧನದ ಬಗ್ಗೆ ಹೇಳಲೇಬೇಕು. ಎಕ್ಸೆಲ್ಲಿನಲ್ಲಿ ಡಾಟಾ ಟ್ಯಾಬಿನ ವಾಟ್-ಇಫ್ ಅನಾಲಿಸಿಸ್ ಒಳಗೆ ಇರುತ್ತದೆ. ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕಿನಲ್ಲಿ ಟೂಲ್ಸ್ ಒಳಗಿದೆ. ಮೂರು ಖಾನೆ ತುಂಬಬೇಕು: ಯಾವ ಸೆಲ್ಲು, ಅದು ಎಷ್ಟಾಗಬೇಕು, ಅದಕ್ಕಾಗಿ ಯಾವ ಸೆಲ್ಲು ಬದಲಾಗಬೇಕು. ರೊಟ್ಟಿಯ ಅಸಲು 5 ರೂಪಾಯಿ ಆಗಲಿ, ಬದಲಾಗುವುದು ಜೋಳದ ದರ ಎಂದು ಕೊಟ್ಟೆ. 52 ರೂಪಾಯಿ 60 ಪೈಸೆ ಎಂದು ಉತ್ತರ ಬಂತು. ಜೋಳ ಅದನ್ನು ದಾಟಿದರೆ ನಾವು ಬಡಿಯುವ ಒಂದೊಂದು ರೊಟ್ಟಿಯೂ ನಷ್ಟದ್ದು. ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯ ಗುಮಾಸ್ತರಾಗಿದ್ದ ಅಪ್ಪ ಆ ಅಂಕಿಯನ್ನು ಬಹಳ ಹೊತ್ತು ನೋಡಿ, ಒಂದು ಚೀಟಿಯ ಮೇಲೆ ತಾವೇ ಲೆಕ್ಕ ಮಾಡಿ, “ಬರೋಬ್ಬರಿ ಐತಿ” ಎಂದರು. ಜೋಳದ ಪೇಟೆ ದರ ಅವರಿಗೆ ಬಾಯಿಪಾಠ. ಆ ದರಕ್ಕೂ ನಮ್ಮ ಒಲೆಗೂ ಇರುವ ಸಂಬಂಧವನ್ನು ಪೈಸೆಯಲ್ಲಿ ಮನೆಯವರೆಲ್ಲ ನೋಡಿದ್ದು ಅವತ್ತು.

ಆ ಹಾಳೆಯ ಒಂದು ಪ್ರಿಂಟು ಹಿಡಿದು ನಾನೇ ಖಾನಾವಳಿಗೆ ಹೋದೆ. “ಕಾಕಾರ, ಜ್ವಾಳ ಐವತ್ತೈದಾದ್ರ ನಮಗ ರೊಟ್ಟಿ ಐದು ರೂಪಾಯಿ ಹನ್ನೊಂದು ಪೈಸಾ ಬೀಳ್ತೈತ್ರಿ. ನೀವೇ ನೋಡ್ರಿ” ಎಂದೆ. ಮಾಲಕರು ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಗ್ಯಾಸಿನ ಲೆಕ್ಕ ಜಾಸ್ತಿಯಾಯಿತು ಎಂದು ವಾದಿಸಿದರು, ಕೂಲಿಯ ಲೆಕ್ಕಕ್ಕೆ ಮಾತಾಡಲಿಲ್ಲ. ಕೊನೆಗೆ ಐದೂವರೆಗೆ ಒಪ್ಪಿದರು, ಜೋಳ ಇಳಿದರೆ ದರವೂ ಇಳಿಯಬೇಕು ಎಂಬ ಮಾತಿನ ಮೇಲೆ. ನ್ಯಾಯವಾದ ಮಾತು. ಈಗಲೂ ತಿಂಗಳ ಮೊದಲಿಗೆ ಜೋಳದ ದರ ಹಾಕಿ ಹಾಳೆಯನ್ನು ಅವರ ಮೊಬೈಲಿಗೆ ಕಳಿಸುತ್ತೇನೆ. ಅವ್ವ ವರ್ಷಗಟ್ಟಲೆ “ಪುರಾ ಬೀಳವಲ್ದ್ರಿ” ಎಂದು ಬಾಯಿಮಾತಿನಲ್ಲಿ ಕೇಳಿದ್ದು ಇದನ್ನೇ.

ಲಾಭ ಹೀಗೆ ತಿಳಿಯಿತು. ಆದರೆ ನಮ್ಮ ವ್ಯಾಪಾರವನ್ನು ನಿಜಕ್ಕೂ ಕಟ್ಟಿಹಾಕಿದ್ದು ಉದ್ರಿ. ಜೋಳ, ಶೇಂಗಾ, ಗ್ಯಾಸು ಎಲ್ಲಾ ರೊಕ್ಕ ಕೊಟ್ಟು ತರಬೇಕು. ರೊಟ್ಟಿ ಒಯ್ದವರು ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಎನ್ನುತ್ತಾರೆ. ಅಪ್ಪ ಕೀರ್ದಿ (ದಿನದ ಲೆಕ್ಕ), ಖತಾವಣಿ (ಗಿರಾಕಿವಾರು ಲೆಕ್ಕ) ಚೆಂದಾಗಿ ಬರೆಯುತ್ತಿದ್ದರು, ಯಾರ ಬಾಕಿ ಎಷ್ಟು ಎಂಬುದು ಒಂದು ಪೈಸೆ ತಪ್ಪುತ್ತಿರಲಿಲ್ಲ. ಆದರೆ ಯಾವ ಬಿಲ್ಲಿನ ರೊಕ್ಕ ಎಷ್ಟು ದಿನದಿಂದ ನಿಂತಿದೆ ಎಂದು ತಕ್ಷಣ ಹೇಳಲು ಬರುತ್ತಿರಲಿಲ್ಲ. ಗಿರಾಕಿ ಎರಡು ಸಾವಿರ ಕೊಟ್ಟರೆ ಒಟ್ಟು ಬಾಕಿಯಲ್ಲಿ ಎರಡು ಸಾವಿರ ಕಡಿಮೆ, ಅಷ್ಟೇ.

ಕೋಪಾದಲ್ಲಿ ಬಂದ ಟ್ಯಾಲಿ ಪರಿಚಯ ಇದಕ್ಕೆ ಸಾಲಲಿಲ್ಲ. ಕೋರ್ಸು ಮುಗಿದ ಮೇಲೆ ಪೇಟೆಯ ಒಂದು ಸಂಸ್ಥೆಯಲ್ಲಿ ಟ್ಯಾಲಿಯನ್ನೇ ಬೇರೆಯಾಗಿ ಕಲಿತೆ. ಅಲ್ಲಿ ನನಗೆ ಬೇಕಾದದ್ದು ಬಿಲ್-ವೈಸ್ ಡೀಟೇಲ್ಸ್, ಅಂದರೆ ಒಂದೊಂದು ಬಿಲ್ಲಿನ ಬಾಕಿಯನ್ನು ಬೇರೆ ಬೇರೆ ಇಡುವ ಸೌಲಭ್ಯ. ಗಿರಾಕಿಯ ಲೆಡ್ಜರ್ (ಖಾತೆ) ಮಾಡುವಾಗ ಅದನ್ನು ಚಾಲೂ ಮಾಡಿಟ್ಟರೆ, ಎಫ್8 ಒತ್ತಿ ಮಾರಾಟ ಬರೆಯುವಾಗ ಪ್ರತಿ ಬಿಲ್ಲಿಗೂ ನ್ಯೂ ರೆಫ್, ಅಂದರೆ ಹೊಸ ಗುರುತು, ಹುಟ್ಟುತ್ತದೆ. ಎಫ್6 ಒತ್ತಿ ರೊಕ್ಕ ಜಮಾ ಮಾಡುವಾಗ ಅಗೇನ್ಸ್ಟ್ ರೆಫ್ ಕೊಟ್ಟು ಇಂಥ ಬಿಲ್ಲಿಗೇ ಎಂದು ತೋರಿಸಬೇಕು. ಯಾವ ಬಿಲ್ಲಿಗೂ ಹಚ್ಚದೆ ಆನ್ ಅಕೌಂಟ್ ಎಂದು ಬಿಟ್ಟರೆ ಅಪ್ಪನ ಖತಾವಣಿಯ ಹಾಗೆಯೇ ಆಗುತ್ತದೆ. ಕಲಿಯುವಾಗ ಪುಕ್ಕಟೆಯ ಎಜುಕೇಶನಲ್ ಮೋಡಿನಲ್ಲಿ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಬರೆಯಲು ಬರುತ್ತದೆ. ಅಭ್ಯಾಸಕ್ಕೆ ಅಷ್ಟು ಸಾಕು. ನಿಜವಾದ ಲೆಕ್ಕಕ್ಕೆ ಲೈಸೆನ್ಸ್ ಬೇಕೇ ಬೇಕು. ವಾರಕ್ಕೆ ಹತ್ತು ಬಿಲ್ಲು ಹರಿಯುವವರಿಗೆ ಆ ಖರ್ಚು ಬೇಡ, ಎಕ್ಸೆಲ್ಲಿನಲ್ಲಿ ಬಿಲ್ ತಾರೀಖು ಮತ್ತು ಇವತ್ತಿನ ತಾರೀಖಿನ ವ್ಯತ್ಯಾಸ ತೆಗೆಯುವ ಒಂದು ಕಾಲಂ ಇದ್ದರೆ ನಡೆಯುತ್ತದೆ.

ಬಾಕಿ ಬಿಲ್ಲುಗಳನ್ನು 30, 60, 90 ದಿನ ಎಂದು ವಿಂಗಡಿಸಿ ತೆಗೆದ ಮೊದಲ ಪಟ್ಟಿ ನೋಡಿ ಅವ್ವ ಎರಡು ಹೆಸರಿನ ಮೇಲೆ ಬೆರಳಿಟ್ಟಳು. ಇಬ್ಬರೂ ದೊಡ್ಡ ಗಿರಾಕಿಗಳು, ದೊಡ್ಡವರೆಂಬ ಕಾರಣಕ್ಕೇ ನಾವು ಕೇಳಲು ಹಿಂಜರಿಯುತ್ತಿದ್ದವರು. ಅಷ್ಟರಲ್ಲಿ ನಾವು ಉದ್ಯಮ್ ಎಂಬ, ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ ಮಾಡಿಸಿದ್ದೆವು. 2020ರ ಜುಲೈ 1ರಿಂದ ಇರುವ ಈ ನೋಂದಣಿಗೆ ಸರ್ಕಾರದ ಪೋರ್ಟಲ್ಲಿನಲ್ಲಿ ಒಂದು ರೂಪಾಯಿಯೂ ಇಲ್ಲ. ಆಧಾರ್, ಪಾನ್ ಇದ್ದರೆ ಮನೆಯಲ್ಲೇ ಆಗುತ್ತದೆ, ಇದಕ್ಕೆ ಯಾರಿಗೂ ರೊಕ್ಕ ಕೊಡಬೇಡಿ. ನೋಂದಾಯಿತ ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು, ಬರಹದಲ್ಲಿ ಒಪ್ಪಂದವಿದ್ದರೂ 45 ದಿನ ಮೀರಿಸುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ನೇ ತೆರಿಗೆ ನಿರ್ಧರಣಾ ವರ್ಷದಿಂದ ಇದಕ್ಕೆ ಇನ್ನೊಂದು ಬಲ ಬಂದಿದೆ: ಅವಧಿ ಮೀರಿದ ಬಾಕಿಯನ್ನು ಕೊಳ್ಳುವವರು ನಿಜವಾಗಿ ಕೊಟ್ಟ ವರ್ಷದವರೆಗೆ ತಮ್ಮ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲು ಬರುವುದಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಮತ್ತು ರೊಕ್ಕ ಕೊಡಬೇಕಾದ ತಾರೀಖು ಅಚ್ಚು ಹಾಕಿಸಿದೆವು. ಯಾರ ಜೊತೆಗೂ ಜಗಳ ಆಗಲಿಲ್ಲ. ದೊಡ್ಡ ಅಂಗಡಿಯ ಅಕೌಂಟೆಂಟೇ ಫೋನ್ ಮಾಡಿ ಬಾಕಿ ಬಿಲ್ಲುಗಳ ಪಟ್ಟಿ ಕೇಳಿದರು.

ಜಿಎಸ್‌ಟಿ ವಿಷಯ. ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ತೆರಿಗೆ ಇರುವ ಮಾಲನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು ಎಂಬುದು ಅಷ್ಟಾಗಿ ಗೊತ್ತಿಲ್ಲ. ನಾವು ಗೋವಾಕ್ಕೂ ಕೊಲ್ಹಾಪುರಕ್ಕೂ ಕಳಿಸಲು ಶುರು ಮಾಡಿದಾಗ ನೋಂದಣಿ ಮಾಡಿಸಿದೆವು. ರಿಟರ್ನನ್ನು ನಾನೇ ತುಂಬುತ್ತೇನೆ. ತೆರಿಗೆ ಸಲಹೆಗಾರರು ವರ್ಷಕ್ಕೊಮ್ಮೆ ಎಲ್ಲವನ್ನೂ ನೋಡಿಕೊಡುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಖಾಖ್ರಾಗಳ ಮೇಲಿದ್ದ ಶೇ 5ರ ತೆರಿಗೆ ಸೊನ್ನೆಯಾಯಿತು. ನಮ್ಮ ಓಣಿಯಲ್ಲಿ ಎಲ್ಲರೂ ಖುಷಿಪಟ್ಟರು, ನಾನೂ ಪಟ್ಟೆ. ಆದರೆ ಹಾಳೆಯಲ್ಲಿ ಒಂದು ಸಾಲು ಬದಲಾಗಬೇಕಿತ್ತು. ಹತ್ತು ರೊಟ್ಟಿಯ ಪ್ಯಾಕೆಟ್ಟಿಗೆ ಹಾಕುವ ಪ್ಲಾಸ್ಟಿಕ್ ಕವರಿಗೆ ನಾವು ಶೇ 18 ಕೊಟ್ಟು ತರುತ್ತೇವೆ. ರೊಟ್ಟಿಗೆ ತೆರಿಗೆ ಇದ್ದಾಗ ಕವರಿನ ತೆರಿಗೆಯನ್ನು ಅದರಲ್ಲಿ ವಜಾ ಹಾಕಿಕೊಳ್ಳಬಹುದಿತ್ತು. ರೊಟ್ಟಿಗೆ ತೆರಿಗೆಯೇ ಇಲ್ಲ ಎಂದ ಮೇಲೆ ಆ ವಜಾ ಹೋಯಿತು, ಕವರಿನ ತೆರಿಗೆ ನಮ್ಮ ಖರ್ಚಾಯಿತು. ಕವರು 3 ರೂಪಾಯಿ ಎಂದರೆ 54 ಪೈಸೆ. ತೆರಿಗೆ ಸೇರಿ 70 ರೂಪಾಯಿ ಇದ್ದ ಪ್ಯಾಕೆಟ್ಟಿನಲ್ಲಿ ತೆರಿಗೆ 3 ರೂಪಾಯಿ 33 ಪೈಸೆ. ಅದರಲ್ಲಿ 54 ಪೈಸೆ ಕಳೆದರೆ ನಿಜವಾಗಿ ಇಳಿಸಲು ಬರುವುದು 2 ರೂಪಾಯಿ 79 ಪೈಸೆ. 67ಕ್ಕೆ ಇಳಿಸಿದೆವು, ಉಳಿದ 21 ಪೈಸೆ ನಾವೇ ಹೊತ್ತೆವು. ಚಟ್ನಿಪುಡಿಗೆ ಶೇ 5 ಹಾಗೇ ಇದೆ, ಆದ್ದರಿಂದ ಅದರ ಕವರಿನ ವಜಾ ಉಂಟು, ರೊಟ್ಟಿಯದು ಇಲ್ಲ. ಎರಡಕ್ಕೂ ಕೂಡಿ ಬರುವ ಖರ್ಚಿನ ತೆರಿಗೆಯನ್ನು ವಹಿವಾಟಿನ ಪ್ರಮಾಣದಲ್ಲಿ ಪಾಲು ಮಾಡಬೇಕು. ಇದನ್ನೆಲ್ಲ ದರ ಬದಲಾದ ವಾರದಲ್ಲೇ ಮನೆಯಲ್ಲಿ ಕೂತು ಮಾಡಲು ಬಂತು. ಯಾರಾದರೂ ಹೇಳಲಿ ಎಂದು ಕಾಯುವ ಪರಿಸ್ಥಿತಿ ಬರಲಿಲ್ಲ. ನನ್ನ ಓದಿನ ಬಗ್ಗೆ ನನಗೆ ಅಭಿಮಾನ ಬರುವುದು ಇಂಥಲ್ಲಿ.

ಹಿಟ್ಟು ನಾದುವ ಯಂತ್ರ, ರೊಟ್ಟಿ ಯಂತ್ರ ಹಾಕಲು ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಹೋದೆವು. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆಂದು 2020ರಲ್ಲಿ ಬಂದ ಯೋಜನೆ ಇದು. ನಾವು ಹೋದಾಗ ಕೇಂದ್ರದ ಶೇ 35 ಸಹಾಯಧನಕ್ಕೆ ನಮ್ಮ ರಾಜ್ಯ ಶೇ 15 ಸೇರಿಸುತ್ತಿತ್ತು, ಒಟ್ಟು ಗರಿಷ್ಠ 15 ಲಕ್ಷ. ನಮ್ಮ ಕೈಯಿಂದ ಕನಿಷ್ಠ ಶೇ 10 ಹಾಕಬೇಕಿತ್ತು. ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಯೋಜನಾ ವರದಿಗೆ ನೆರವಾಗುತ್ತಾರೆ, ನಮಗೂ ಆದರು. ಆದರೆ ಬ್ಯಾಂಕಿನಲ್ಲಿ ಮ್ಯಾನೇಜರು ಕೇಳಿದ್ದು ನನ್ನನ್ನೇ: ದಿನಕ್ಕೆ ಎಷ್ಟು ರೊಟ್ಟಿ, ಯಾರು ಕೊಳ್ಳುತ್ತಾರೆ, ಜೋಳ ಏರಿದರೆ ಏನು ಮಾಡುತ್ತೀರಿ? ಎಂಪ್ಲಾಯಬಿಲಿಟಿ ಸ್ಕಿಲ್ಸ್ ಪುಸ್ತಕದಲ್ಲಿ ಇದ್ದ ಪ್ರಶ್ನೆಗಳೇ. ಹಾಳೆ ತೋರಿಸಿದೆ, ಬಾಕಿ ಪಟ್ಟಿ ತೋರಿಸಿದೆ. ಕೋಪಾ ಸರ್ಟಿಫಿಕೇಟನ್ನು ಫೈಲಿಗೆ ಹಚ್ಚಿದರು. ಸಾಲ ಕೊಡಿಸಿದ್ದು ಹಾಳೆ ಎಂದೇ ನನ್ನ ಲೆಕ್ಕ.

ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಸಹಾಯಧನ ನಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಮೂರು ವರ್ಷ ಇರುತ್ತದೆ, ಆ ಭಾಗಕ್ಕೆ ಬಡ್ಡಿ ಹಾಕುವುದಿಲ್ಲ. ಕಂತು ತಪ್ಪದೆ ಕಟ್ಟಿ ಉದ್ದಿಮೆ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅರ್ಧ ಸಾಲ ಮನ್ನಾ ಆದಂತೆಯೇ ಎಂದುಕೊಂಡು ಕಂತಿನ ಲೆಕ್ಕ ಹಾಕದೆ ಸಹಿ ಮಾಡಿದವರು ಮೊದಲ ವರ್ಷವೇ ತಿಣುಕುತ್ತಾರೆ. ಎಕ್ಸೆಲ್ಲಿನ ಪಿಎಂಟಿ ಫಾರ್ಮುಲಾದಲ್ಲಿ ತಿಂಗಳ ಬಡ್ಡಿ ದರ, ಎಷ್ಟು ತಿಂಗಳು, ಅಸಲು ಹಾಕಿದರೆ ಕಂತು ಬರುತ್ತದೆ. ಜೋಳ ತುಟ್ಟಿಯಾದ ತಿಂಗಳ ಲಾಭದಲ್ಲಿ ಆ ಕಂತು ಹೊರಡುತ್ತದೆಯೇ ಎಂದು ನೋಡಿ ಆಮೇಲೆ ಸಹಿ ಮಾಡಿ. ಯಂತ್ರ ಬಂದ ಮೇಲೂ ಖಾನಾವಳಿಗೆ ಕೈರೊಟ್ಟಿಯೇ ಹೋಗಬೇಕು ಎಂದು ಅವ್ವ ಹಟ ಹಿಡಿದಳು. ಪ್ಯಾಕೆಟ್ಟಿಗೆ ಮಾತ್ರ ಯಂತ್ರದ್ದು. ಅಕ್ಕಗಳ ಕೂಲಿಯೂ ಉಳಿಯಿತು, ಖಾನಾವಳಿಯ ರುಚಿಯೂ ಉಳಿಯಿತು.

ಕೋರ್ಸಿನಲ್ಲಿ ದೊಡ್ಡ ಕೊರತೆ ಎಂದರೆ ಕನ್ನಡ. ಒಂದು ವರ್ಷ ಕಂಪ್ಯೂಟರ್ ಕಲಿತರೂ ನಮಗೆ ಯಾರೂ ಕನ್ನಡ ಟೈಪಿಂಗ್ ಹೇಳಿಕೊಡಲಿಲ್ಲ. ಅವ್ವ ಓದಬೇಕಾದ ಹಾಳೆ ಇಂಗ್ಲಿಷಿನಲ್ಲಿದ್ದರೆ ಏನು ಪ್ರಯೋಜನ? ನುಡಿ ಕೀಬೋರ್ಡನ್ನು ನಾನೇ ಕಲಿತೆ. ಆಮೇಲೆ ತಿಳಿದದ್ದು, ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಯೂನಿಕೋಡಿನಲ್ಲಿ ಬರೆದದ್ದು ಎಲ್ಲ ಕಡೆಯೂ ಸರಿ ಕಾಣುತ್ತದೆ. ಲೇಬಲ್ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನವರು ಇನ್ನೂ ಹಳೆಯ ಫಾಂಟಿನಲ್ಲೇ ಕೆಲಸ ಮಾಡುತ್ತಾರೆ. ಅವರಿಗೆ ಕೊಡುವ ಮುಂಚೆ ಪರಿವರ್ತಿಸಿ ಕೊಡುತ್ತೇನೆ, ಅಚ್ಚಿಗೆ ಹೋಗುವ ಮುಂಚೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡುತ್ತೇನೆ. “ಚಟ್ನಿ”ಯ ಒತ್ತು ಜಾರಿದರೆ ಸಾವಿರ ಲೇಬಲ್ ದಂಡ. ಐಟಿಐಗಳಲ್ಲಿ ಇದಕ್ಕೊಂದು ವಾರ ಕೊಟ್ಟರೆ ಎಷ್ಟು ಮಕ್ಕಳಿಗೆ ಉಪಕಾರ!

ಜಾವಾಸ್ಕ್ರಿಪ್ಟ್ ನನಗೆ ಉಪಯೋಗಕ್ಕೆ ಬಂದಿಲ್ಲ. ಆಕ್ಸೆಸ್ ಬಿಟ್ಟೆ, ಆದರೆ ಗಿರಾಕಿಯ ವಿವರ ಒಂದೇ ಕಡೆ ಇರಬೇಕು, ಆರ್ಡರುಗಳು ಬೇರೆ ಕಡೆ ಇರಬೇಕು ಎಂದು ಅದು ಕಲಿಸಿದ ಶಿಸ್ತು ಇವತ್ತಿಗೂ ಗೂಗಲ್ ಶೀಟಿನಲ್ಲಿ ನಡೆಯುತ್ತಿದೆ.

ವರ್ಷವಿಡೀ ಕೊಡಲು ಆಗದವರಿಗೆ ಬೇರೆ ದಾರಿಗಳಿವೆ. ಕೇಂದ್ರ ಸರ್ಕಾರದ ಸಂಸ್ಥೆ ನೈಲಿಟ್‌ನ ಸಿಸಿಸಿ ಎಂಬುದು ಕಂಪ್ಯೂಟರಿನ ಮೂಲಪಾಠದ 80 ಗಂಟೆಯ ಕೋರ್ಸು, ಕಂಪ್ಯೂಟರ್ ಮುಟ್ಟಿಯೇ ಇಲ್ಲದವರಿಗೆ ಒಳ್ಳೆಯದು, ಆದರೆ ವ್ಯಾಪಾರದ ಲೆಕ್ಕಕ್ಕೆ ಅದೊಂದೇ ಸಾಲದು. ಹಳ್ಳಿಯವರಾದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳಲ್ಲಿ ಕಂಪ್ಯೂಟರೀಕೃತ ಲೆಕ್ಕಪತ್ರದ ತರಬೇತಿ ಇದೆ. ಊಟ, ವಸತಿ ಸೇರಿ ಪುಕ್ಕಟೆ, ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲೇ ಇವು ದೇಶದ ತುಂಬ ಆದದ್ದು, ಧಾರವಾಡದಲ್ಲೂ ರುಡ್‌ಸೆಟಿ ಇದೆ. ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ ಸಿಡಾಕ್ ಇರುವುದೂ ಧಾರವಾಡದಲ್ಲೇ. ಗದಗ, ಹಾವೇರಿಯವರಿಗೂ ದೂರವಲ್ಲ. ಎಲ್ಲಿ ಸೇರುವುದಾದರೂ ಮೊದಲು ಹೋಗಿ ಕೇಳಬೇಕಾದ ಪ್ರಶ್ನೆ ಒಂದು: ನಮ್ಮ ಅಂಗಡಿಯ ಬಿಲ್ಲು ತಂದು ಅದರ ಮೇಲೇ ಅಭ್ಯಾಸ ಮಾಡಬಹುದೇ? ಬೇಡ ಎಂದರೆ ಬೇರೆ ಸಂಸ್ಥೆ ನೋಡಿ.

ಕೋಪಾಕ್ಕೇ ಹೋಗುವವರು ಹಿಂದಿನ ಮೂರು ತಿಂಗಳ ಖರೀದಿ ಬಿಲ್ಲು, ಉದ್ರಿ ವಹಿಯ ಪುಟ, ಕರೆಂಟು ಮತ್ತು ಗ್ಯಾಸಿನ ರಸೀದಿ ಇವುಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುರುಕು, ವಾಪಸು ಬಂದದ್ದು, ಕೆಟ್ಟುಹೋದದ್ದು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಅದನ್ನು ಎಕ್ಸೆಲ್ ಪಾಠ ಬರುವುದರೊಳಗೆ ಮನೆಯಲ್ಲಿ ದಿನಾ ಎಣಿಸಿ ಬರೆದಿಟ್ಟುಕೊಂಡಿರಿ.